ಬಾಡಿಗೆಯ ಬಂಡಿ ಮತ್ತು ಕಿರ್ದಿಯ ಒಡೆತನ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಉಪಕಾರವನ್ನು ಮರೆತವರ ಕುರಿತು ಬಳಸುತ್ತೇವೆ. ಆದರೆ ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಊರಿನವರಿಗೆ ಈ ಗಾದೆಯಲ್ಲಿ ನೀತಿಯ ಜೊತೆಗೆ ವ್ಯವಹಾರದ ಒಂದು ಸೂಕ್ಷ್ಮವೂ ಕಾಣದೆ ಇರದು. ದಾಟುವ ಮೊದಲು ಗರಜು ದಾಟುವವನದು; ದಾಟಿದ ಮೇಲೆ ಗರಜು ಅಂಬಿಗನದು. ಮೊದಲು ಅಂಬಿಗನು ಹೇಳಿದ್ದೇ ಬಾಡಿಗೆ, ಆಮೇಲೆ ದಾಟಿದವನು ಕೊಟ್ಟದ್ದೇ ಬಾಡಿಗೆ. ಈ ಎರಡು ಗರಜುಗಳ ನಡುವೆ ನ್ಯಾಯವಾದ ಒಂದು ಬೆಲೆಯನ್ನು ನಿಲ್ಲಿಸುವುದು ಹೇಗೆ? ಬಾಡಿಗೆಯ ವಾಹನಗಳ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ಪ್ರಶ್ನೆಗೆ ಮನುಷ್ಯನು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳ ಚರಿತ್ರೆ. ಮೊಬೈಲಿನ ಮೇಲೆ ಬೆರಳಿಟ್ಟು ಕಾರನ್ನೋ ಆಟೊವನ್ನೋ ಕರೆಯಿಸಿಕೊಳ್ಳುವ ಇಂದಿನ ಆ್ಯಪು ಆ ಉತ್ತರಗಳಲ್ಲಿ ತೀರ ಈಚಿನದು. ಇದು ಹಳೆಯ ಟ್ಯಾಕ್ಸಿಗಿಂತ ಮೇಲೆಂದು ಒಂದು ಪಕ್ಷ. ಇದರಿಂದ ದುಡಿಯುವವನು ಕೆಟ್ಟನೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸತ್ಯವಿದೆ. ಆದರೆ ಇವೆರಡೂ ಒಂದೇ ವಸ್ತುವಿನ ಕುರಿತು ಮಾತನಾಡುತ್ತಿಲ್ಲವೆಂಬುದನ್ನು ನಾವು ಗಮನಿಸಿದಂತಿಲ್ಲ.

‘ಟ್ಯಾಕ್ಸಿ’ ಎಂಬ ಶಬ್ದದ ಹುಟ್ಟನ್ನೇ ನೋಡಬಹುದು. ಅದು ಮೊದಲು ವಾಹನದ ಹೆಸರಾಗಿರಲಿಲ್ಲ, ಅಳತೆಯ ಹೆಸರಾಗಿತ್ತು. ಮಧ್ಯಯುಗದ ಲ್ಯಾಟಿನ್ ಭಾಷೆಯಲ್ಲಿ ‘ಟ್ಯಾಕ್ಸಾ’ ಎಂದರೆ ಸಲ್ಲಿಸಬೇಕಾದ ಹಣ. ಗ್ರೀಕಿನಲ್ಲಿ ‘ಮೆಟ್ರಾನ್’ ಎಂದರೆ ಅಳತೆ. ಇವೆರಡೂ ಕೂಡಿ ಟ್ಯಾಕ್ಸಿಮೀಟರ್ ಎಂಬ ಯಂತ್ರದ ಹೆಸರಾಯಿತು. 1891ರಲ್ಲಿ ಜರ್ಮನಿಯ ಬ್ರೂನ್ ಎಂಬವನು ಇದನ್ನು ನಿರ್ಮಿಸಿದನು. 1897ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಮೀಟರು ಹೊತ್ತ ಮೋಟಾರು ಬಾಡಿಗೆಗೆ ಓಡಿತು. ಬರಬರುತ್ತ ಅಳೆಯುವ ಯಂತ್ರದ ಹೆಸರೇ ಅದನ್ನು ಹೊತ್ತ ಬಂಡಿಗೂ ಅಂಟಿಕೊಂಡಿತು. ಶಬ್ದದ ಈ ಪ್ರಯಾಣದಲ್ಲಿ ಒಂದು ತತ್ತ್ವವು ಅಡಗಿದೆ. ಟ್ಯಾಕ್ಸಿಯನ್ನು ಟ್ಯಾಕ್ಸಿಯನ್ನಾಗಿ ಮಾಡಿದುದು ಅದರ ಚಕ್ರವಲ್ಲ, ಎಂಜಿನವಲ್ಲ. ಇಬ್ಬರ ಕಣ್ಣಿಗೂ ಕಾಣುವಂತೆ ನಡುವೆ ಇಟ್ಟ ಅಳತೆ.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಗೆ ಟ್ಯಾಕ್ಸಿಯೆಂಬ ಹೆಸರು ಬಂದಿತು, ಮೀಟರು ಬರಲಿಲ್ಲ. ಇಲ್ಲಿನ ಸಂಚಾರದ ಕ್ರಮವೇ ಬೇರೆ. ದಿನದ ಓಡಾಟಕ್ಕೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು. ಬಸ್ಸು ಬಾರದ ಹಳ್ಳಿಗೆ, ಬಾರದ ಹೊತ್ತಿಗೆ, ಸೀಟು ತುಂಬುವವರೆಗೆ ಕಾದು ಹೊರಡುವ ಟಂಟಂ. ಮದುವೆಗೆ, ದೇವರಿಗೆ, ದವಾಖಾನೆಗೆ ಮಾತ್ರ ಬಾಡಿಗೆಯ ಕಾರು. ಕಾರಿನ ಬಾಡಿಗೆಯು ಮಾತಿನಲ್ಲಿ ಕುದುರಬೇಕು. ಮಾತಿನಲ್ಲಿ ಕುದುರುವುದೆಂದರೆ ಮುಖ ನೋಡಿ ಮಣೆ ಹಾಕುವುದು. ಪರಿಚಿತನಿಗೆ ಒಂದು ದರ, ಪರಸ್ಥಳದವನಿಗೆ ಒಂದು ದರ. ಹಗಲಿಗೆ ಒಂದು, ರಾತ್ರಿಗೆ ಒಂದು. ಹೆರಿಗೆಯ ನೋವಿನಿಂದ ನರಳುವವಳನ್ನು ಕರೆದೊಯ್ಯಬೇಕಾದ ಮನೆಯವರಿಗೆ ಇನ್ನೊಂದು. ಇದರ ಒಳ್ಳೆಯ ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅದೇ ಊರಿನ ಡ್ರೈವರು ನಡುರಾತ್ರಿ ಬಾಗಿಲು ಬಡಿದರೆ ಎದ್ದು ಬರುತ್ತಾನೆ; ಕೈಯಲ್ಲಿ ಕಾಸಿಲ್ಲದಿದ್ದರೆ ಸುಗ್ಗಿಯವರೆಗೆ ಉದ್ರಿ ಬಿಡುತ್ತಾನೆ; ದವಾಖಾನೆಯಲ್ಲಿ ರೋಗಿಯ ಕಡೆಯವರ ಜೊತೆಗೆ ತಾನೂ ಕೂಡುತ್ತಾನೆ. ಪರಿಚಯದ ವ್ಯವಹಾರಕ್ಕೆ ಈ ಎರಡು ಮುಖಗಳೂ ಸಹಜ. ಪರಿಚಯವುಳ್ಳವನಿಗೆ ಅದು ನೆರಳು. ಪರಿಚಯವಿಲ್ಲದವನಿಗೆ ಅದೇ ಗೋಡೆ.

ಈ ಗೋಡೆಯನ್ನು ಮೊದಲು ಒಡೆಯಬೇಕಾದ ಅವಶ್ಯಕತೆ ಬಿದ್ದುದು ಅಪರಿಚಿತರ ಊರಾದ ಬೆಂಗಳೂರಿನಲ್ಲಿ. 2007ರ ಸುಮಾರಿಗೆ ಅಲ್ಲಿ ಫೋನು ಮಾಡಿ ಕರೆಯಿಸಿಕೊಳ್ಳುವ ಮೇರು ಟ್ಯಾಕ್ಸಿ ಬಂದಿತು. 2010ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಓಲಾ ಆಮೇಲೆ ಬೆಂಗಳೂರಿಗೆ ನೆಲೆ ಬದಲಿಸಿತು. 2011ರಲ್ಲಿ ಬೆಂಗಳೂರಿನಲ್ಲಿಯೇ ಟ್ಯಾಕ್ಸಿಫಾರ್‌ಶೂರ್ ತಲೆಯೆತ್ತಿತು, 2015ರಲ್ಲಿ ಅದನ್ನು ಓಲಾ ಕೊಂಡುಕೊಂಡಿತು. ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಉಬರ್ 2013ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟುದೂ ಬೆಂಗಳೂರಿನಲ್ಲಿಯೇ. 2015ರಲ್ಲಿ ಇಲ್ಲಿಯೇ ರ‍್ಯಾಪಿಡೊ ಹುಟ್ಟಿತು. ಹೀಗೆ ಒಂದು ದಶಕದೊಳಗಾಗಿ ಟ್ಯಾಕ್ಸಿಯ ಸ್ಟ್ಯಾಂಡು ಎಂಬ ಸ್ಥಳವು ಕರಗಿ ಮೊಬೈಲಿನ ಪರದೆಯೊಳಗೆ ಸೇರಿತು.

ಈ ಆ್ಯಪುಗಳಿಂದ ಆದ ಹಿತವೇನು? ಮೊದಲನೆಯದು, ಹತ್ತುವ ಮೊದಲೇ ಬಾಡಿಗೆ ಗೊತ್ತಾಗುವುದು. ಮೀಟರು ಪ್ರಯಾಣ ಮುಗಿದ ಮೇಲೆ ಲೆಕ್ಕ ಹೇಳುತ್ತಿತ್ತು. ಸುತ್ತುದಾರಿ ಹಿಡಿದರೆ ಅದನ್ನೂ ಪ್ರಾಮಾಣಿಕವಾಗಿಯೇ ಎಣಿಸುತ್ತಿತ್ತು. ಆ್ಯಪು ಹೊಳೆಯ ಈಚೆ ದಂಡೆಯಲ್ಲಿಯೇ ಲೆಕ್ಕವನ್ನು ಮುಂದಿಡುತ್ತದೆ. ಎರಡನೆಯದು, ಬರೆವಣಿಗೆ. ಯಾರು ಕರೆದರು, ಯಾರು ಬಂದರು, ವಾಹನದ ಸಂಖ್ಯೆಯೇನು, ಯಾವ ದಾರಿ, ಎಷ್ಟು ಹೊತ್ತು, ಎಷ್ಟು ಹಣ, ಎಲ್ಲವೂ ದಾಖಲಾಗುತ್ತದೆ. ಮನೆಯಲ್ಲಿ ಕುಳಿತ ತಾಯಿಯು ಮಗಳ ಕಾರು ಎಲ್ಲಿದೆಯೆಂಬುದನ್ನು ತನ್ನ ಮೊಬೈಲಿನಲ್ಲಿ ನೋಡಬಹುದು. ಮೂರನೆಯದು, ಖಾಲಿ ಓಟದ ಉಳಿತಾಯ. ಸ್ಟ್ಯಾಂಡಿನ ಟ್ಯಾಕ್ಸಿಯು ಗಿರಾಕಿಯನ್ನು ಬಿಟ್ಟು ಬರಿದಾಗಿ ಹಿಂದಿರುಗುತ್ತದೆ. ಆ ಬರಿದಾದ ಹಾದಿಯ ವೆಚ್ಚವನ್ನೂ ಗಿರಾಕಿಯೇ ತೆರುತ್ತಾನೆ. ಆ್ಯಪು ಇಳಿಸಿದ ಸ್ಥಳದ ಹತ್ತಿರವೇ ಮುಂದಿನ ಗಿರಾಕಿಯನ್ನು ಹುಡುಕಿ ಕೊಡುತ್ತದೆ. ಇದೇ ಅದರ ಅಗ್ಗದ ನಿಜವಾದ ಗುಟ್ಟು.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮಿಗಿಲೆಂದು ಎಣಿಸುತ್ತೇನೆ. ಯಂತ್ರವು ಕರೆದವನ ಮುಖವನ್ನು ನೋಡುವುದಿಲ್ಲ. ಅವನು ಉಟ್ಟ ಬಟ್ಟೆ, ಆಡುವ ಮಾತಿನ ಧಾಟಿ, ಇರುವ ಕೇರಿ ಇವುಗಳಿಗೆ ಅದು ದರ ಕಟ್ಟುವುದಿಲ್ಲವೆಂಬುದೇ ಅದರ ಮೊದಲ ಪ್ರತಿಜ್ಞೆ. ಹಳ್ಳಿಯಿಂದ ಮೊದಲ ಸಲ ಬೆಂಗಳೂರಿಗೆ ಹೋದ ವಿದ್ಯಾರ್ಥಿಯು ಬೆಳಗಿನ ಜಾವ ಬಸ್ಸಿನಿಂದ ಇಳಿದು, ಚೀಲವನ್ನು ಎದೆಗವಚಿಕೊಂಡು, ನಾಲ್ಕಾರು ಜನ ಸುತ್ತಲೂ ನಿಂತು ಕೂಗುವ ದರಗಳ ನಡುವೆ ದಿಕ್ಕೆಟ್ಟು ನಿಲ್ಲುವ ಅವಸ್ಥೆಯನ್ನು ಬಲ್ಲವರು ಈ ಪ್ರತಿಜ್ಞೆಯ ಬೆಲೆಯನ್ನು ಬಲ್ಲರು. ಚೌಕಾಶಿ ಮಾಡುವುದಕ್ಕೂ ಒಂದು ಬಲ ಬೇಕು. ಆ ಬಲವು ಸಮಾಜದಲ್ಲಿ ಸಮನಾಗಿ ಹಂಚಿಹೋಗಿಲ್ಲ. ಚೌಕಾಶಿಯಿಲ್ಲದ ವ್ಯವಹಾರವು ದುರ್ಬಲರ ಪಕ್ಷಪಾತಿ.

ಹಾಗೆಂದು ದಾಖಲೆಯೊಂದೇ ರಕ್ಷಣೆಯಲ್ಲ. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಉಬರ್ ಮೂಲಕ ಕರೆದ ಕಾರಿನಲ್ಲಿ ಮಹಿಳೆಯೊಬ್ಬಳ ಮೇಲೆ ನಡೆದ ಅತ್ಯಾಚಾರವು ದೇಶವನ್ನೇ ಕಲಕಿತು. ಚಾಲಕನ ಪೂರ್ವಚರಿತ್ರೆಯನ್ನು ಸರಿಯಾಗಿ ಪರಿಶೀಲಿಸಿರಲಿಲ್ಲವೆಂಬುದು ಆಗ ಹೊರಬಿದ್ದಿತು. ಹೆಸರು ಬರೆದುಕೊಂಡ ಮಾತ್ರಕ್ಕೆ ಗುರುತು ಹಿಡಿದಂತಾಗುವುದಿಲ್ಲ. ಆದರೂ ಅಪರಾಧಿಯನ್ನು ಬೇಗನೆ ಹಿಡಿಯಲು ಸಾಧ್ಯವಾದುದಕ್ಕೆ ಆ ದಾಖಲೆಯೂ ಒಂದು ಕಾರಣವೆಂಬುದನ್ನು ಮರೆಯಬಾರದು. ಬರೆದಿಟ್ಟದ್ದು ತಪ್ಪನ್ನು ತಡೆಯದಿದ್ದರೂ ತಪ್ಪಿಗೆ ಹೊಣೆಯನ್ನು ಹುಡುಕಿಕೊಡುತ್ತದೆ.

ಇಷ್ಟೆಲ್ಲ ಹಿತಗಳ ಪಟ್ಟಿಯನ್ನು ಒಂದು ಮಾತಿಗೆ ಇಳಿಸುವುದಾದರೆ, ಆ್ಯಪು ಬಾಯಿಮಾತಿನ ಬಾಡಿಗೆಯನ್ನು ಬರೆದಿಟ್ಟ ಒಪ್ಪಂದವನ್ನಾಗಿ ಮಾಡಿತು. ಅದು ಸಂಚಾರಕ್ಕೊಂದು ಕಿರ್ದಿಯನ್ನು ಇಟ್ಟಿತು. ಇನ್ನು ಮುಂದಿನ ಪ್ರಶ್ನೆ: ಆ ಕಿರ್ದಿಯು ಯಾರ ಕೈಯಲ್ಲಿದೆ? ಅದರ ಪುಟಗಳನ್ನು ತಿರುವಿ ನೋಡುವ ಹಕ್ಕು ಯಾರಿಗಿದೆ?

ಇಲ್ಲಿ ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೆನೆಯುವುದು ಅಪ್ರಸ್ತುತವಲ್ಲ. ರೈತನು ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಇಳಿಸುತ್ತಾನೆ. ವ್ಯಾಪಾರಿಗಳು ಮಾಲನ್ನು ನೋಡಿ ತಮ್ಮ ತಮ್ಮ ದರವನ್ನು ಗಣಕಯಂತ್ರದ ಟೆಂಡರಿನಲ್ಲಿ ನಮೂದಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ದರವು ರೈತನಿಗೆ ತಿಳಿಯುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಮಾರದೆ ಇರುವ ಅಧಿಕಾರವು ಅವನಿಗೆ ಉಂಟು. ದಲಾಲಿಯೆಷ್ಟೆಂಬುದಕ್ಕೆ ನಿಯಮವಿದೆ, ತೂಕಕ್ಕೆ ಚೀಟಿಯಿದೆ. ಇಷ್ಟಿದ್ದೂ 2024ರ ಮಾರ್ಚ್ 11ರಂದು ದರವು ಕುಸಿದಾಗ ಆ ಪೇಟೆಯು ಹೊತ್ತಿ ಉರಿಯಿತು; ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟವು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿನ ಸಂಕಟವನ್ನು ಅರಿಯಬೇಕು. ತನ್ನ ದುಡಿಮೆಯ ಬೆಲೆಯನ್ನು ತಾನು ಕಾಣದ ಶಕ್ತಿಗಳು ಕಟ್ಟುತ್ತಿವೆಯೆಂಬ ಭಾವನೆಯು ಮನುಷ್ಯನನ್ನು ಬಡತನಕ್ಕಿಂತ ಹೆಚ್ಚಾಗಿ ಕೆರಳಿಸುತ್ತದೆ. ಬಹಿರಂಗ ಟೆಂಡರಿರುವ ಪೇಟೆಯಲ್ಲಿಯೇ ಹೀಗಾದರೆ, ಟೆಂಡರಿನ ಹಾಳೆಯೇ ಗುಪ್ತವಾಗಿರುವ ಪೇಟೆಯ ಗತಿಯೇನು?

ಆ್ಯಪಿನ ಪೇಟೆಯು ಅಂಥದು. ಬೇಡಿಕೆ ಹೆಚ್ಚಿದಾಗ ದರ ಏರುತ್ತದೆಯೆಂದು ಹೇಳುತ್ತಾರೆ. ಬೇಡಿಕೆಯು ಎಷ್ಟು ಹೆಚ್ಚಿತೆಂಬುದು ಪ್ರಯಾಣಿಕನಿಗೂ ಕಾಣದು, ಚಾಲಕನಿಗೂ ಕಾಣದು. ಮಳೆ ಬಂದ ಸಂಜೆ ಒಂದೇ ದಾರಿಗೆ ಪಕ್ಕಪಕ್ಕದಲ್ಲಿ ನಿಂತ ಇಬ್ಬರಿಗೆ ಎರಡು ದರಗಳು ಬಂದರೆ ಕಾರಣ ಕೇಳುವುದು ಯಾರನ್ನು? ಮೊಬೈಲಿನ ಜಾತಿ ನೋಡಿ ಬೇರೆ ಬೇರೆ ದರ ಹಾಕಲಾಗುತ್ತಿದೆಯೆಂಬ ದೂರಿನ ಮೇಲೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ, ಉಬರ್‌ಗಳಿಗೆ ನೋಟೀಸು ಕೊಟ್ಟಿತು; ಕಂಪನಿಗಳು ಆ ದೂರನ್ನು ಅಲ್ಲಗಳೆದವು. ಅದೇ ವರ್ಷ ಮೇ ತಿಂಗಳಿನಲ್ಲಿ, ವಾಹನವು ಬರುವ ಮೊದಲೇ ಭಕ್ಷೀಸು ಕೇಳುವ ಪದ್ಧತಿಯ ಕುರಿತು ಉಬರ್‌ಗೆ ಇನ್ನೊಂದು ನೋಟೀಸು ಹೋಯಿತು. ಬಂದ ಮೇಲೆ ಸಂತೋಷದಿಂದ ಕೊಡುವುದು ಭಕ್ಷೀಸು. ಬರುವುದಕ್ಕಾಗಿ ಮುಂಗಡ ಕೊಡುವುದು ಹರಾಜು. ಮುಖ ನೋಡಿ ಮಣೆ ಹಾಕುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಯಂತ್ರವು ಗರಜನ್ನು ನೋಡಿ ಮಣೆ ಹಾಕತೊಡಗಿತೆಂಬುದೇ ಇಲ್ಲಿನ ಆಕ್ಷೇಪ.

ಸರಕಾರಗಳು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಕರ್ನಾಟಕವು 2016ರಲ್ಲಿಯೇ ಇಂಥ ಕಂಪನಿಗಳಿಗೆ ಪರವಾನಗಿಯ ನಿಯಮಗಳನ್ನು ಮಾಡಿ, ಸರಕಾರವು ಗೊತ್ತುಪಡಿಸಿದ ದರವನ್ನು ಮೀರಬಾರದೆಂದು ವಿಧಿಸಿತು. 2022ರ ಅಕ್ಟೋಬರಿನಲ್ಲಿ, ಆಟೊದ ಕನಿಷ್ಠ ಬಾಡಿಗೆ 30 ರೂಪಾಯಿ ಇರುವಲ್ಲಿ ಆ್ಯಪುಗಳು 100 ರೂಪಾಯಿಯವರೆಗೆ ಕೇಳುತ್ತಿವೆಯೆಂಬ ದೂರುಗಳ ಮೇಲೆ ಸಾರಿಗೆ ಇಲಾಖೆಯು ಅವುಗಳ ಆಟೊ ಸೇವೆಯನ್ನೇ ನಿಲ್ಲಿಸಹೊರಟಿತು. ವಿಷಯವು ಹೈಕೋರ್ಟಿಗೆ ಹೋಗಿ, ಆ ನವೆಂಬರಿನಲ್ಲಿ ಬಾಡಿಗೆಯ ಮೇಲೆ ಶೇಕಡಾ 5ರ ಸೇವಾಶುಲ್ಕ ಹಾಗೂ ತೆರಿಗೆ ಎಂದು ಗೊತ್ತಾಯಿತು. 2024ರ ಫೆಬ್ರವರಿಯಲ್ಲಿ ಆ್ಯಪಿನ ಟ್ಯಾಕ್ಸಿಗೂ ಇತರ ನಗರ ಟ್ಯಾಕ್ಸಿಗೂ ರಾಜ್ಯದಾದ್ಯಂತ ಒಂದೇ ದರವೆಂದು ಸರಕಾರವು ಸಾರಿತು. 10 ಲಕ್ಷ ರೂಪಾಯಿಯೊಳಗಿನ ಕಾರಿಗೆ ಮೊದಲ 4 ಕಿಲೊಮೀಟರಿಗೆ 100 ರೂಪಾಯಿ, ಆಮೇಲೆ ಕಿಲೊಮೀಟರಿಗೆ 24. ಈ ಲೆಕ್ಕದಲ್ಲಿ 10 ಕಿಲೊಮೀಟರಿಗೆ 244 ರೂಪಾಯಿಯಾಗುತ್ತದೆ. ಆದರೆ 2025ರ ಜುಲೈಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯು ಮೂಲದರದ ಅರ್ಧದಿಂದ ಎರಡು ಪಟ್ಟಿನವರೆಗೆ ದರವನ್ನು ಇಳಿಸಲೂ ಏರಿಸಲೂ ಆಸ್ಪದ ಕೊಟ್ಟಿದೆ. 244ನ್ನು ಮೂಲವೆಂದು ಹಿಡಿದರೆ, ಅದೇ ದಾರಿಗೆ 122 ರೂಪಾಯಿಯೂ ಆಗಬಹುದು, 488 ರೂಪಾಯಿಯೂ ಆಗಬಹುದು. ಅಳತೆಗೋಲು ಇದ್ದರೂ ರಬ್ಬರಿನದಾದರೆ ಅದನ್ನು ಹಿಡಿದು ಎಳೆಯುವ ಕೈ ಯಾರದೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಇದು ಪ್ರಯಾಣಿಕನ ಮಾತಾಯಿತು. ಚಾಲಕನ ಮಾತು ಇನ್ನೂ ಬಾಕಿಯಿದೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಹೋದ ಎಷ್ಟೋ ತರುಣರು ಬೆಂಗಳೂರಿನಲ್ಲಿ ಸ್ಟಿಯರಿಂಗು ಹಿಡಿದಿದ್ದಾರೆ. ಮಳೆ ಕೈಕೊಟ್ಟ ವರ್ಷ ಹೊಲವನ್ನು ತಂದೆಗೆ ಬಿಟ್ಟು, ಸಾಲದಿಂದ ಕಾರು ಕೊಂಡು, ಆ್ಯಪಿಗೆ ಹೆಸರು ಹಚ್ಚಿದವರು ಇವರಲ್ಲಿ ಇದ್ದಾರೆ. ಕಾಲೇಜಿನ ತರಗತಿಗಳಲ್ಲಿ ನಮ್ಮ ಮುಂದೆ ಕುಳಿತು ಹೋದವರೂ ಇದ್ದಾರೆ. ಆರಂಭದ ವರ್ಷಗಳಲ್ಲಿ ಕಂಪನಿಗಳು ಪ್ರೋತ್ಸಾಹಧನವನ್ನು ಧಾರಾಳವಾಗಿ ಕೊಟ್ಟವು. ಜನರನ್ನು ಕೂಡಿಹಾಕುವವರೆಗೆ ಅದು ಸುರಿಯಿತು, ಕೂಡಿದ ಮೇಲೆ ಬತ್ತಿತು. 2017ರ ಫೆಬ್ರವರಿಯಲ್ಲಿ ಬೆಂಗಳೂರು, ದೆಹಲಿಗಳ ಚಾಲಕರು ಮುಷ್ಕರ ಹೂಡಿದುದು ಈ ಕಾರಣಕ್ಕೆ. ಕಾರಿನ ಸಾಲ ಅವನದು, ಡೀಸೆಲ್ಲು ಅವನದು, ದಂಡ ಅವನದು, ಅಪಘಾತವಾದರೆ ಮೈಕೈಯೂ ಅವನದು. ದರ ಮಾತ್ರ ಇನ್ನೊಬ್ಬರದು. ಪ್ರಯಾಣಿಕನು ಸಿಟ್ಟಿನಲ್ಲಿ ಒತ್ತಿದ ಒಂದು ನಕ್ಷತ್ರವು ಅವನ ನಾಳಿನ ಅನ್ನವನ್ನು ನಿರ್ಣಯಿಸಬಲ್ಲದು. ಆ ನಿರ್ಣಯದ ವಿರುದ್ಧ ಅವನು ವಾದಿಸಬಹುದಾದ ಚಾವಡಿಯೇ ಇರಲಿಲ್ಲ.

ಇವನು ಸ್ವತಂತ್ರ ಉದ್ಯಮಿಯೋ ಕೂಲಿಯವನೋ ಎಂಬ ಪ್ರಶ್ನೆಯು ಲೋಕದ ದೊಡ್ಡ ನ್ಯಾಯಾಲಯಗಳ ಮುಂದೆಯೂ ಬಂದಿದೆ. 2021ರ ಫೆಬ್ರವರಿ 19ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಉಬರ್ ಚಾಲಕರನ್ನು ಸ್ವತಂತ್ರರೆಂದು ಹೇಳಲಾಗದು, ಅವರು ಕನಿಷ್ಠ ವೇತನಾದಿಗಳಿಗೆ ಅರ್ಹರಾದ ದುಡಿಮೆಗಾರರೆಂದು ತೀರ್ಪಿತ್ತಿತು. ದರ ಕಟ್ಟುವವರು ಯಾರು, ಕರಾರು ಬರೆಯುವವರು ಯಾರು, ಸವಾರಿಯನ್ನು ನಿರಾಕರಿಸಿದವನನ್ನು ದಂಡಿಸುವವರು ಯಾರು, ಪ್ರಯಾಣಿಕನಿಗೂ ಚಾಲಕನಿಗೂ ಪರಸ್ಪರ ಪರಿಚಯವಾಗದಂತೆ ತಡೆಯುವವರು ಯಾರು ಎಂಬುದನ್ನು ನೋಡಿ ಕೋರ್ಟು ಆ ನಿರ್ಣಯಕ್ಕೆ ಬಂದಿತು. ಕರ್ನಾಟಕವೂ 2025ರಲ್ಲಿ, ಮೊದಲು ಸುಗ್ರೀವಾಜ್ಞೆಯ ಮೂಲಕ, ಆಮೇಲೆ ವಿಧಾನಮಂಡಲದ ಒಪ್ಪಿಗೆಯಿಂದ, ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆಯನ್ನು ಮಾಡಿತು. ಕಾರ್ಮಿಕನಿಗೆ ಸಲ್ಲುವ ಪ್ರತಿಯೊಂದು ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣಶುಲ್ಕವನ್ನು ಕಂಪನಿಯು ಕಟ್ಟಬೇಕು. ಕಾರಣವನ್ನು ತಿಳಿಸದೆ, ಮುನ್ಸೂಚನೆ ಕೊಡದೆ ಅವನನ್ನು ಹೊರಗೆ ಹಾಕಬಾರದು. ಯಂತ್ರವು ಅವನ ಕೆಲಸವನ್ನು ಹೇಗೆ ಹಂಚುತ್ತದೆಂಬುದನ್ನು ಅವನಿಗೆ ತಿಳಿಯಪಡಿಸಬೇಕು. ಕಿರ್ದಿಯ ಪುಟವನ್ನು ತಿರುವಿ ನೋಡುವ ಹಕ್ಕನ್ನು ಕೊಡುವ ದಾರಿಯಲ್ಲಿ ಇದು ಮೊದಲ ಹೆಜ್ಜೆ.

ಹಾಗಾದರೆ ಹಳೆಯ ಟ್ಯಾಕ್ಸಿಗೇ ಹಿಂದಿರುಗಬೇಕೆ? ಆ ಮಾತನ್ನು ಹೇಳುವವರು ಬೆಳಗಿನ ಜಾವ ಚೀಲ ಹಿಡಿದು ನಿಂತ ಆ ವಿದ್ಯಾರ್ಥಿಯನ್ನು ಮರೆತಿದ್ದಾರೆ. ಇಲ್ಲಿ ವಿವೇಕವು ಬೇಡುವುದು ಒಂದು ವಿಂಗಡಣೆಯನ್ನು. ಮುಂಚೆಯೇ ತಿಳಿಯುವ ದರ, ಬರೆದಿಟ್ಟ ದಾಖಲೆ, ಖಾಲಿ ಓಟದ ಉಳಿತಾಯ, ಮುಖ ನೋಡದ ನ್ಯಾಯ ಇವು ವಿಧಾನದ ಗುಣಗಳು. ಗುಪ್ತವಾದ ದರ, ಏಕಪಕ್ಷದ ಕರಾರು, ಚಾಲಕನ ಅಸಹಾಯಕತೆ ಇವು ಒಡೆತನದ ದೋಷಗಳು. ಆ್ಯಪನ್ನು ಹೊಗಳುವವರು ವಿಧಾನವನ್ನು ನೋಡಿ ಹೊಗಳುತ್ತಾರೆ, ತೆಗಳುವವರು ಒಡೆತನವನ್ನು ನೋಡಿ ತೆಗಳುತ್ತಾರೆ. ಇವೆರಡನ್ನೂ ಬೇರ್ಪಡಿಸಲು ಬರುವುದಾದರೆ ವಾದವೇ ಮುಗಿದಂತೆ.

ಬೇರ್ಪಡಿಸಬಹುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ ಕೊಟ್ಟಿದೆ. 2022ರ ನವೆಂಬರಿನಲ್ಲಿ ಅಲ್ಲಿನ ಆಟೊ ರಿಕ್ಷಾ ಚಾಲಕರ ಒಕ್ಕೂಟವು ಜಸ್‌ಪೇ ಎಂಬ ತಂತ್ರಜ್ಞಾನ ಸಂಸ್ಥೆಯ ಜೊತೆಗೂಡಿ ‘ನಮ್ಮ ಯಾತ್ರಿ’ ಎಂಬ ಆ್ಯಪನ್ನು ಹೊರತಂದಿತು. ಸವಾರಿಯ ಮೇಲೆ ದಲಾಲಿಯಿಲ್ಲ. ಪ್ರಯಾಣಿಕನು ಕೊಟ್ಟ ಹಣವು ಇಡಿಯಾಗಿ ಚಾಲಕನಿಗೆ ಸಲ್ಲುತ್ತದೆ. 2023ರಲ್ಲಿ ವೆಚ್ಚಕ್ಕಾಗಿ ದಿನಕ್ಕೆ 25 ರೂಪಾಯಿಯ ಚಂದಾ ಎಂದು ಗೊತ್ತುಮಾಡಿದರು. ಪೇಟೆಯಲ್ಲಿ ಕಟ್ಟೆಯ ಬಾಡಿಗೆ ಕೊಟ್ಟು ತನ್ನ ಮಾಲನ್ನು ತಾನೇ ಮಾರುವವನ ಲೆಕ್ಕವಿದು. ದಲಾಲಿಯಿಲ್ಲದೆ ಇದು ನಡೆಯದೆಂದು ನಕ್ಕವರಿದ್ದರು. ಆದರೆ 2025ರ ಫೆಬ್ರವರಿಯಲ್ಲಿ ಉಬರ್ ತನ್ನ ಆಟೊ ಸೇವೆಯಲ್ಲಿ ದಲಾಲಿಯನ್ನು ಬಿಟ್ಟು ಚಂದಾದ ಪದ್ಧತಿಗೆ ಬಂದಿತು. ಅದೇ ವರ್ಷ ಜೂನಿನಲ್ಲಿ ಓಲಾ ಕೂಡ ಚಾಲಕರಿಗೆ ದಲಾಲಿರಹಿತ ಪದ್ಧತಿಯನ್ನು ಸಾರಿತು. ಒಂದು ಒಕ್ಕೂಟವು ತೆರೆದ ಕಾಲುದಾರಿಯಲ್ಲಿ ಕೊನೆಗೆ ದೊಡ್ಡ ದೊಡ್ಡ ರಥಗಳೂ ಬರಬೇಕಾಯಿತು.

ಆದರೆ ದಲಾಲನನ್ನು ಬಿಟ್ಟವನು ದಲಾಲನು ಹೊರುತ್ತಿದ್ದ ಹೊರೆಯನ್ನೂ ಹೊರಬೇಕಾಗುತ್ತದೆ. ನಮ್ಮ ಗಳಗನಾಥರ ಬಾಳು ಇದಕ್ಕೆ ನಿದರ್ಶನ. ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿಗಳನ್ನು ಬರೆದುದಷ್ಟೇ ಅಲ್ಲ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವವರನ್ನು ಹೀಗೆ ಒಬ್ಬೊಬ್ಬರನ್ನಾಗಿ ಸಂಪಾದಿಸಿಕೊಟ್ಟುದು ಅವರ ದೊಡ್ಡ ಉಪಕಾರ. ಆದರೆ ಲೇಖಕನೇ ಹೊರೆ ಹೊತ್ತು ನಡೆಯಬೇಕಾದುದು ಸಮಾಜಕ್ಕೆ ಭೂಷಣವಲ್ಲ. ಒಬ್ಬನು ಹೊರಲಾರದ ಹೊರೆಯನ್ನು ಹತ್ತು ಜನ ಕೂಡಿ ಹೊರುವುದಕ್ಕೆ ಸಹಕಾರವೆಂದು ಹೆಸರು.

ಸಹಕಾರದ ಪಾಠವನ್ನು ನಾವು ದೂರ ಹೋಗಿ ಕಲಿಯಬೇಕಾಗಿಲ್ಲ. 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಕಟ್ಟಿದರು. ಸಾಲ ಕೊಡುವವನ ಕಿರ್ದಿಯು ಸಾಲಗಾರನಿಗೆ ಕಾಣದಿದ್ದ ಕಾಲದಲ್ಲಿ, ಸಾಲಗಾರರೇ ಕೂಡಿ ಕಿರ್ದಿಯನ್ನು ತಮ್ಮ ಕೈಗೆ ತೆಗೆದುಕೊಂಡ ಕಾರ್ಯವದು. ಅವರು ಸಾಲವೆಂಬ ವಿಧಾನವನ್ನು ತ್ಯಜಿಸಲಿಲ್ಲ, ಅದರ ಒಡೆತನವನ್ನು ಬದಲಿಸಿದರು. ಟ್ಯಾಕ್ಸಿಯ ವಿಷಯದಲ್ಲಿಯೂ ಈಗ ಅಂಥ ಪ್ರಯತ್ನಗಳು ಕಾಣುತ್ತಿವೆ. ಇಫ್ಕೊ, ಅಮುಲ್ ಮೊದಲಾದ ಸಹಕಾರಿ ಸಂಸ್ಥೆಗಳು ಬೆಂಬಲವಾಗಿ ನಿಂತ ‘ಭಾರತ್ ಟ್ಯಾಕ್ಸಿ’ಯು 2025ರ ಕೊನೆಯಲ್ಲಿ ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಆರಂಭವಾಯಿತು. ಆದರೆ ಕೇವಲ ಸದುದ್ದೇಶದಿಂದ ಬಂಡಿ ಓಡದು. 2022ರ ಆಗಸ್ಟಿನಲ್ಲಿ ಕೇರಳ ಸರಕಾರವು ತಿರುವನಂತಪುರದಲ್ಲಿ ‘ಕೇರಳ ಸವಾರಿ’ ಎಂಬ ಆ್ಯಪನ್ನು ತಂದಾಗ ನಿರೀಕ್ಷಿಸಿದಷ್ಟು ಜನ ಕೂಡಲಿಲ್ಲ. 2025ರಲ್ಲಿ ಅದಕ್ಕೆ ಹೊಸ ರೂಪವನ್ನು ಕೊಡಬೇಕಾಯಿತು. ಕರೆದಾಗ ಬಾರದ ವಾಹನವು ಸಹಕಾರಿಯಾದರೇನು, ಸರಕಾರಿಯಾದರೇನು? ಪ್ರಯಾಣಿಕನು ತತ್ತ್ವಕ್ಕಾಗಿ ಮಳೆಯಲ್ಲಿ ನಿಲ್ಲುವುದಿಲ್ಲ.

ಈ ದೃಷ್ಟಿಯಿಂದ ನಮ್ಮ ಜಿಲ್ಲೆಯನ್ನು ನೋಡೋಣ. ಆ್ಯಪಿನ ಹಿತವು ಜನಸಾಂದ್ರತೆಯ ಕೂಸು. ಬೆಂಗಳೂರಿನಲ್ಲಿ ಗಿರಾಕಿ ಇಳಿದ ಕಡೆಯೇ ಇನ್ನೊಬ್ಬ ಗಿರಾಕಿ ನಿಂತಿರುತ್ತಾನೆ. ಗಳಗನಾಥಕ್ಕೆ ಜನರನ್ನು ತಂದುಬಿಟ್ಟ ಕಾರಿಗೆ ಅಲ್ಲಿಂದ ಹೊರಡುವ ಇನ್ನೊಬ್ಬನು ಸಿಗುವುದು ಅಪರೂಪ. ಆದುದರಿಂದ ಲಾಭವನ್ನೇ ಎಣಿಸುವ ಕಂಪನಿಯು ದೊಡ್ಡ ಊರಿಗೆ ಮೊದಲು ಬರುತ್ತದೆ, ತಾಲ್ಲೂಕಿಗೆ ಆಮೇಲೆ ಬರುತ್ತದೆ, ಹಳ್ಳಿಗೆ ಬಾರದೆಯೂ ಇರಬಹುದು. ಬರುವುದಾದರೆ ಲಾಭದ ದಾರಿಗಳನ್ನಷ್ಟೇ ಆರಿಸಿಕೊಂಡೀತು. ಆದರೆ ಖಾಲಿ ಓಟದ ಹೊರೆಯು ಹೆಚ್ಚಾಗಿರುವುದು ನಮ್ಮಲ್ಲಿಯೇ. ಹುಬ್ಬಳ್ಳಿಯ ಅಥವಾ ದಾವಣಗೆರೆಯ ದವಾಖಾನೆಗೆ ರೋಗಿಯನ್ನು ಒಯ್ದ ಕಾರು ಬರಿದಾಗಿ ಹಿಂದಿರುಗುತ್ತದೆ. ಅದೇ ಸಂಜೆ ಅದೇ ದವಾಖಾನೆಯಿಂದ ಬಿಡುಗಡೆಯಾದ ಇನ್ನೊಂದು ಹಳ್ಳಿಯ ಬಾಣಂತಿಯು ಊರಿಗೆ ಬರಲು ಬೇರೆ ಕಾರನ್ನು ಹುಡುಕುತ್ತಿರುತ್ತಾಳೆ. ಇಬ್ಬರೂ ಎರಡೆರಡು ಕಡೆಯ ಬಾಡಿಗೆಯನ್ನು ತೆರುತ್ತಾರೆ. ಒಬ್ಬ ಚಾಲಕನ ಜೇಬಿನ ಡೈರಿಯಿಂದ ಈ ನಷ್ಟವು ತಪ್ಪದು. ಜಿಲ್ಲೆಗೆಲ್ಲ ಒಂದೇ ಕಿರ್ದಿಯಿದ್ದರೆ ಮಾತ್ರ ತಪ್ಪೀತು.

ಅಂಥ ಕಿರ್ದಿಯನ್ನು ಇಡುವುದು ಅಸಾಧ್ಯವೆ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾರು, ಆಟೊ, ಟಂಟಂಗಳ ಮಾಲಕ-ಚಾಲಕರು ಒಂದು ಸಹಕಾರಿ ಸಂಘವಾಗಿ ನಿಲ್ಲಬಹುದು. ದಲಾಲಿಯ ಬದಲು ದಿನದ ಚಂದಾ ಎಂಬ ಲೆಕ್ಕಕ್ಕೆ ಬೆಂಗಳೂರು ಈಗಾಗಲೇ ಮಾದರಿಯನ್ನು ತೋರಿಸಿದೆ. ಆ್ಯಪಿನ ಜೊತೆಗೆ ಒಂದು ಫೋನಿನ ಸಂಖ್ಯೆಯೂ ಇರಬೇಕು. ಏಕೆಂದರೆ ನಮ್ಮ ಅಜ್ಜಿಯರಿಗೆ ಪರದೆಯನ್ನು ಉಜ್ಜುವುದಕ್ಕಿಂತ ಮಾತನಾಡುವುದು ಸುಲಭ. ಹಿಂದಿರುಗುವ ವಾಹನಕ್ಕೆ ಬೇರೆ, ಕಡಿಮೆ ದರವಿರಬೇಕು. ಇವೆಲ್ಲಕ್ಕಿಂತ ಮೊದಲು, ಯಾವ ಯಂತ್ರವೂ ಬೇಕಾಗದ ಒಂದು ಕೆಲಸವಿದೆ. ಪ್ರತಿಯೊಂದು ಬಸ್‌ನಿಲ್ದಾಣದ ಮುಂದೆ, ಸುತ್ತಲಿನ ಊರುಗಳ ದೂರವನ್ನೂ ದರವನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಒಂದು ಫಲಕವನ್ನು ನಿಲ್ಲಿಸುವುದು. ನಗರ ಟ್ಯಾಕ್ಸಿಯ ದರವನ್ನು ಸರಕಾರವು ಸಾರಿದೆ. ಅದು ಆಜ್ಞೆಯ ಕಾಗದದಲ್ಲಿದ್ದರೆ ಸಾಲದು, ಹತ್ತುವವನ ಕಣ್ಣೆದುರಿಗೆ ಇರಬೇಕು.

ಸಹಕಾರಿ ಸಂಘಗಳಲ್ಲಿ ರಾಜಕಾರಣ ನುಸುಳುತ್ತದೆ, ಲೆಕ್ಕ ತಪ್ಪುತ್ತದೆ, ಬಲವುಳ್ಳವನ ಕಾರಿಗೇ ಪಾಳಿ ಮೊದಲು ಬರುತ್ತದೆ ಎಂಬ ಆಕ್ಷೇಪವು ನಿರಾಧಾರವಲ್ಲ. ನಾವು ಅದನ್ನು ಕಂಡುಂಡವರು. ಆದರೆ ಇಲ್ಲಿಯೇ ಯಂತ್ರವು ಸಹಕಾರಕ್ಕೆ ಉಪಕಾರ ಮಾಡಬಲ್ಲದು. ಪಾಳಿಯನ್ನು ಅಧ್ಯಕ್ಷನ ಬಾಯಿ ಹೇಳುವುದಕ್ಕಿಂತ, ಎಲ್ಲರಿಗೂ ಗೊತ್ತಿರುವ ನಿಯಮದಂತೆ ಯಂತ್ರವು ಹೇಳುವುದು ಮೇಲು. ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಗಡಿಬಿಡಿಯಿಂದ ಓದಿ ಮುಗಿಸುವುದಕ್ಕಿಂತ, ಪ್ರತಿದಿನವೂ ಪ್ರತಿಯೊಬ್ಬ ಸದಸ್ಯನ ಮೊಬೈಲಿನಲ್ಲಿ ಕಾಣುವುದು ಮೇಲು. ಕಂಪನಿಯ ಕೈಯಲ್ಲಿ ಕತ್ತಲೆಯನ್ನು ಕವಿಸಿದ ಸಾಧನವು ಸಂಘದ ಕೈಯಲ್ಲಿ ಬೆಳಕನ್ನು ಕೊಡಬಹುದು. ಕೊಡುವಂತೆ ನೋಡಿಕೊಳ್ಳುವುದು ಸದಸ್ಯರ ಎಚ್ಚರಕ್ಕೆ ಸೇರಿದ್ದು.

ಹಳೆಯ ಟ್ಯಾಕ್ಸಿಗೆ ಪರಿಚಯವಿತ್ತು, ಅಳತೆಯಿರಲಿಲ್ಲ. ಹೊಸ ಆ್ಯಪಿಗೆ ಅಳತೆಯಿದೆ, ಆದರೆ ಅಳತೆಗೋಲು ಅಳೆಯಿಸಿಕೊಳ್ಳುವವರಿಬ್ಬರ ಕೈಗೂ ಸಿಗುತ್ತಿಲ್ಲ. ಎರಡೂ ಕೂಡುವ ವ್ಯವಸ್ಥೆಯೊಂದನ್ನು ಕಟ್ಟಿಕೊಳ್ಳಲು ನಮ್ಮಂಥ ಸಣ್ಣ ಊರುಗಳಿಗೆ ಈಗ ಅವಕಾಶವಿದೆ. ಏಕೆಂದರೆ ಇಲ್ಲಿ ಪರಿಚಯವು ಇನ್ನೂ ಅಳಿದಿಲ್ಲ, ಕಂಪನಿಯು ಇನ್ನೂ ಬೇರು ಬಿಟ್ಟಿಲ್ಲ. ಬೇರು ಬಿಟ್ಟ ಮೇಲೆ ನಿಯಮಗಳನ್ನು ಮಾಡುವುದು, ಕೋರ್ಟಿಗೆ ಅಲೆಯುವುದು, ಮುಷ್ಕರ ಹೂಡುವುದು ಎಷ್ಟು ಕಷ್ಟವೆಂಬುದನ್ನು ಬೆಂಗಳೂರು ಹತ್ತು ವರ್ಷಗಳಿಂದ ತೋರಿಸುತ್ತಿದೆ. ಬಸ್‌ನಿಲ್ದಾಣದ ಮುಂದಿನ ಆ ದರಫಲಕಕ್ಕೆ ಬೇಕಾಗುವುದು ಒಂದು ಹಲಗೆ, ಒಂದಿಷ್ಟು ಬಣ್ಣ, ಮತ್ತು ಚಾಲಕರೂ ಪ್ರಯಾಣಿಕರೂ ಒಮ್ಮೆ ಎದುರುಬದುರು ಕುಳಿತು ಆಡುವ ಮಾತು. ಅಷ್ಟರಿಂದಲೇ ಆರಂಭಿಸಬಹುದು.